ಚಾರ್ಜರ್ ತರಲು ಹೋದವನು

ಮೃಣಾಲಿನಿಗೆ ಬೇಕಾದಂಥ ಲ್ಯಾಪ್‌ಟಾಪು ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಅಮೀರ್‌ಪೇಟ್‌ನ ಸಂಸ್ಥೆಯೊಂದರಲ್ಲಿ ಅವಳು ಕಂಪ್ಯೂಟರ್ ಆಟಗಳಿಗೆ ಚಿತ್ರ ಮಾಡುವುದನ್ನು ಕಲಿಯುತ್ತಿದ್ದಳು. ಅದಕ್ಕೆ ಗೇಮಿಂಗ್ ಲ್ಯಾಪ್‌ಟಾಪೇ ಆಗಬೇಕು. ಮನೆಯಲ್ಲಿದ್ದ ಹಳೆಯದು ಒಂದು ಮರದ ನೆರಳು ಮೂಡಿಸುವಷ್ಟರಲ್ಲಿ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಅಂಗಡಿಯಲ್ಲಿ ನೋಡಿದ ಮೊದಲನೆಯದಕ್ಕೆ ಆನೆಬಲ. ಆದರೆ ಅದನ್ನೂ ಅದರ ಇಟ್ಟಿಗೆಯಂಥ ಚಾರ್ಜರನ್ನೂ ಹೊತ್ತು ಮಲ್ಕಾಜ್‌ಗಿರಿಯಿಂದ ದಿನವೂ ಬಸ್ಸು, ಮೆಟ್ರೋ ಹತ್ತಿಳಿಯುವುದು ಆಗದ ಮಾತು. ಹಗುರಾಗಿದ್ದುದರಲ್ಲಿ ಬಲವಿರಲಿಲ್ಲ. ಎರಡೂ ಇದ್ದುದರ ಬೆಲೆ ಕೇಳಿ ಅಪ್ಪ ಪ್ರಾಣೇಶರು ಕನ್ನಡಕ ತೆಗೆದು ಒರೆಸತೊಡಗಿದರು. ರೈಲ್ವೆ ಕಚೇರಿಯಿಂದ ನಿವೃತ್ತರಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ.

"ಬಲ, ಹಗುರ, ಸೋವಿ, ಮೂರೂ ಒಂದರಾಗೇ ಎಲ್ಲಿ ಸಿಗ್ತದವಾ? ಯಾವುದಾರ ಒಂದು ಬಿಡು" ಎಂದರು.

ಬಿಡಲು ಮನಸ್ಸಿರಲಿಲ್ಲ. ಹಾಗಾಗಿ ಹಳೆಯ ಸಾಮಾನು ಮಾರುವ ಆ್ಯಪಿನಲ್ಲಿ ಹುಡುಕಿದಳು. ಒಂದು ಸಂಜೆ ಸಿಕ್ಕೇಬಿಟ್ಟಿತು. ತೆಳ್ಳಗಿನದು, ಒಳ್ಳೆಯ ಗ್ರಾಫಿಕ್ಸ್ ಕಾರ್ಡಿನದು, ಒಬ್ಬರೇ ಬಳಸಿದ್ದು. ಬೆಲೆ ಮಾತ್ರ ಅನುಮಾನ ಬರುವಷ್ಟು ಕಡಿಮೆ. ಮಾರುವವನ ಹೆಸರಿನ ಜಾಗದಲ್ಲಿ 'ಕೆ.ಪಿ.' ಎಂದಷ್ಟೇ ಇತ್ತು. ಹಿಂದಿಯಲ್ಲಿ ಮಾತಾಡಿದ, ಹಿಮಾಯತ್‌ನಗರದ ವಿಳಾಸ ಕೊಟ್ಟ, ಮಧ್ಯಾಹ್ನವೇ ಬನ್ನಿ ಎಂದ.

"ಒಬ್ಬಾಕಿನೇ ಹೋಗಬ್ಯಾಡ" ಎಂದು ಅಪ್ಪ ಹೇಳಿದ್ದರು. ಗೆಳತಿ ಗಗನ ಜೊತೆಗೆ ಬರುವವಳಿದ್ದಳು. ಆ ದಿನ ಗಗನಳಿಗೆ ಜ್ವರ. ಮೃಣಾಲಿನಿ ಅದನ್ನು ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ನಾಳೆ ಎನ್ನುತ್ತಿದ್ದರು, ನಾಳೆಯೊಳಗೆ ಬೇರೆ ಯಾರೋ ಕೊಂಡುಬಿಡುತ್ತಿದ್ದರು.

ಮುಖ್ಯರಸ್ತೆಯ ಬಟ್ಟೆಯಂಗಡಿಗಳ ಹಿಂದಿನ ಗಲ್ಲಿಯಲ್ಲಿ ಹಳೆಯದೊಂದು ಅಪಾರ್ಟ್‌ಮೆಂಟು. ಲಿಫ್ಟ್ ಕೆಟ್ಟಿತ್ತು. ಮೂರನೆಯ ಮಹಡಿಯಲ್ಲಿ ಬಾಗಿಲು ತೆರೆದವನಿಗೆ ಮೂವತ್ತರ ಆಸುಪಾಸು ಇರಬಹುದು. ಗಡ್ಡ ಬೆಳೆದಿತ್ತು, ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಅವಳ ಬೆನ್ನ ಹಿಂದೆ ಇಣುಕಿ ನೋಡಿ, "ಒಬ್ಬರೇ ಬಂದಿರಾ?" ಎಂದು ಹಿಂದಿಯಲ್ಲಿ ಕೇಳಿದ. ಆ ಪ್ರಶ್ನೆ ಅವಳಿಗೆ ಹಿಡಿಸಲಿಲ್ಲ.

ಹೊರಕೋಣೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಮೇಜಿನ ಮೇಲೆ ಲ್ಯಾಪ್‌ಟಾಪು ಇತ್ತು. ಎತ್ತಿ ನೋಡಿದಳು, ನಿಜಕ್ಕೂ ಹಗುರ. ತೆರೆಯಲ್ಲಿ ಒಂದು ಚುಕ್ಕೆಯಿಲ್ಲ, ಕೀಲಿಗಳು ಸವೆದಿಲ್ಲ. ತಾನು ತಂದಿದ್ದ ಪೆನ್‌ಡ್ರೈವಿನಿಂದ ಪರೀಕ್ಷೆಯ ಆಟವನ್ನು ಹಾಕಿದಳು. ಚಿತ್ರ ಕುಂಟುತ್ತಾ ಓಡಿತು.

"ಬ್ಯಾಟರಿಯ ಮೇಲೆ ಇದರ ಪೂರ್ತಿ ಬಲ ಕಾಣುವುದಿಲ್ಲ" ಎಂದ ಅವನು. "ಚಾರ್ಜರ್ ಪಕ್ಕದ ಗಲ್ಲಿಯ ಗೆಳೆಯನ ಅಂಗಡಿಯಲ್ಲಿದೆ. ಈಗಲೇ ತಂದುಬಿಡುತ್ತೇನೆ, ನೋಡುತ್ತಿರಿ."

ಅವಳು ತಾನೂ ಬರುತ್ತೇನೆ ಎನ್ನುವಷ್ಟರಲ್ಲಿ ಅವನು ಹೊರಗೆ ಹೋಗಿಯಾಗಿತ್ತು. ಬಾಗಿಲು ಮುಚ್ಚಿದ ಸದ್ದು, ಅದರ ಹಿಂದೆಯೇ ಇನ್ನೊಂದು ಸಣ್ಣ ಸದ್ದು. ಅದೇನೆಂದು ಆಗ ಹೊಳೆಯಲಿಲ್ಲ.

ಅವಳು ಆಟವನ್ನು ಮತ್ತೆ ಹಚ್ಚಿದಳು. ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪಿನ ಒಳಗಿನ ಫ್ಯಾನು ಸುತ್ತತೊಡಗಿತು. ಮೊದಲು ಗುಂಯ್ ಎಂದದ್ದು ಬರಬರುತ್ತ ಇಡೀ ಕೋಣೆ ತುಂಬುವಂತೆ ಮೊರೆಯಿತು. ಆ ಮೊರೆತದ ನಡುವೆ ಯಾರೋ ಚೀರಿದರು.

ಮೃಣಾಲಿನಿ ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿದಳು. ಫ್ಯಾನು ನಿಂತಿತು, ಚೀರಾಟ ನಿಲ್ಲಲಿಲ್ಲ. ನಡುಮನೆಯಾಚೆಯ ಕೋಣೆಯಿಂದ ಬರುತ್ತಿತ್ತು. ಆ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು.

ಅವಳು ಓಡಿಹೋಗಿ ಮುಂಬಾಗಿಲು ಎಳೆದಳು. ಬರಲಿಲ್ಲ. ಎರಡೂ ಕೈಯಿಂದ ಎಳೆದಳು. ಹೊರಗಿನಿಂದ ಕೀಲಿ ಹಾಕಿದ್ದ. ಫೋನು ತೆಗೆದು ಅವನ ನಂಬರು ಒತ್ತಿದಳು. ಗಂಟೆ ಬಾರಿಸಿದ್ದು ಅಲ್ಲೇ, ಅಡುಗೆಮನೆಯ ಫ್ರಿಜ್ಜಿನ ಮೇಲೆ. ಅವನು ಫೋನು ಬಿಟ್ಟು ಹೋಗಿದ್ದ.

ಯಾರೋ ಒಬ್ಬಳನ್ನು ಇಲ್ಲಿ ಕೂಡಿಹಾಕಿದ್ದಾನೆ. ಈಗ ನನ್ನನ್ನೂ. ಇದೊಂದೇ ಯೋಚನೆ ತಲೆಯಲ್ಲಿ ಸುತ್ತತೊಡಗಿತು. ಆ ಬೆಲೆ ಯಾಕೆ ಅಷ್ಟು ಕಡಿಮೆಯಿತ್ತು, ಒಬ್ಬರೇ ಬಂದಿರಾ ಎಂದು ಯಾಕೆ ಕೇಳಿದ, ಎಲ್ಲಕ್ಕೂ ಅರ್ಥ ಸಿಕ್ಕಂತಾಯಿತು. ಅಪ್ಪನಿಗೆ ಕರೆ ಮಾಡಿದಳು.

"ಅಪ್ಪಾ, ನಾ ಒಬ್ಬಾಕಿನೇ ಬಂದೀನಿ. ಗಗನ ಬಂದಿಲ್ಲ. ಅವ ಹೊರಗಿಂದ ಕೀಲಿ ಹಾಕ್ಕೊಂಡು ಹೋಗ್ಯಾನ. ಒಳಗ ಯಾರೋ ಅಳ್ಲಿಕ್ಕತ್ತಾರ."

ಪ್ರಾಣೇಶರು ಗಟ್ಟಿ ದನಿಯಲ್ಲಿ, "ಕಿಟಕಿ ತಗಿ. ಯಾರು ಕಂಡರೂ ಜೋರಾಗಿ ಕರಿ. ವಿಳಾಸ ಕಳಸು. ನಾ ಆಟೋ ಹಿಡಿಲಿಕ್ಕತ್ತೀನಿ, ಫೋನ್ ಇಡಬ್ಯಾಡ" ಎಂದರು.

ಕಿಟಕಿ ತೆರೆದು ಕೂಗಿದಳು. ತೆಲುಗಿನಲ್ಲಿ, ಹಿಂದಿಯಲ್ಲಿ, ಬಾಯಿಗೆ ಬಂದದ್ದರಲ್ಲಿ ಕೂಗಿದಳು. ಗಲ್ಲಿಯ ವಾಹನಗಳ ಹಾರ್ನಿನಲ್ಲಿ ಅದು ಯಾರಿಗೂ ಮುಟ್ಟಲಿಲ್ಲ. ಹಿಂದಿನಿಂದ ಬಾಗಿಲು ಬಡಿಯುವ ಸದ್ದು. ಈಗ ಮಾತುಗಳು ಬಿಡಿಬಿಡಿಯಾಗಿ ಕೇಳಿಸಿದವು.

"ಯವ್ವಾ, ಬಾಗಲಾ ತಗಿಯವ್ವಾ! ಗಿರಣಿ ಬಂದ್ ಮಾಡ್ರೋ! ಸೆರಗು ಸಿಕ್ಕೈತಿ!"

ಕನ್ನಡ! ಮೃಣಾಲಿನಿ ಆ ಕೋಣೆಯ ಕಡೆ ಓಡಿದಳು. ಚಿಲಕಕ್ಕೆ ಕೈ ಹಾಕಿ ತೆಗೆದಳು, ಮತ್ತೆ ಹಾಕಿದಳು. ಕೊನೆಗೆ ತೆರೆದೇಬಿಟ್ಟಳು. ಹೊಸ್ತಿಲಲ್ಲಿ ಬಿಳಿಕೂದಲು ಕೆದರಿದ ಮುದುಕಿ ನಿಂತಿದ್ದಳು. ಹಣೆಯಲ್ಲಿ ವಿಭೂತಿ, ಸೀರೆಯ ಸೆರಗನ್ನು ಎರಡೂ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಯಾರ್ರೀ ನೀವು? ನಿಮ್ಮನ್ನ ಯಾರು ಕೂಡಿ ಹಾಕ್ಯಾರ?"

"ಅಂವ," ಎಂದು ಮುದುಕಿ ಪಿಸುಗುಟ್ಟಿದಳು. "ಮಗ ಅಂತ ಹೇಳ್ತಾನ. ನನ್ನ ಮಗ ಅಲ್ಲಬೇ ಅಂವ. ನನ್ನ ಮಗ ಸಣ್ಣಾಂವ ಅದಾನ, ಸಾಲಿಗೆ ಹೋಗ್ಯಾನ. ಅಂವ ಬರೋದ್ರಾಗ ನಡಿ, ಹೋಗೂಣು."

ಮುದುಕಿಯ ಕೈ ತಣ್ಣಗೆ ಮೃಣಾಲಿನಿಯ ಮಣಿಕಟ್ಟನ್ನು ಹಿಡಿದಿತ್ತು. ಅಷ್ಟರಲ್ಲಿ ಮುಂಬಾಗಿಲಲ್ಲಿ ಕೀಲಿ ತಿರುಗಿತು. ಅವಳು ಕೈಗೆ ಸಿಕ್ಕ ಸ್ಟೀಲಿನ ಚೊಂಬನ್ನು ಎತ್ತಿಕೊಂಡು, ಮುದುಕಿಯನ್ನು ಬೆನ್ನ ಹಿಂದೆ ಮಾಡಿ ನಿಂತಳು.

ಒಳಗೆ ಬಂದವನ ಕೈಯಲ್ಲಿ ಚಾರ್ಜರಿತ್ತು. ಚೊಂಬನ್ನು, ತೆರೆದ ಕೋಣೆಯನ್ನು, ಮುದುಕಿಯನ್ನು ನೋಡಿ ಅವನ ಮುಖ ಬಿಳಿಚಿಕೊಂಡಿತು. "ಅವ್ವಾ," ಎಂದ.

"ಬಾಗಿಲು ಬಿಟ್ಟು ಸರೀರಿ!" ಮೃಣಾಲಿನಿ ಕನ್ನಡದಲ್ಲೇ ಚೀರಿದಳು. "ನಮ್ಮಪ್ಪ ಬರ್ಲಿಕ್ಕತ್ತಾರ. ಪೊಲೀಸರನ್ನೂ ಕರೀತೀನಿ."

ಅವನು ಕೂಡಲೇ ಸರಿದ. ಕೀಲಿಯನ್ನು ನೆಲದ ಮೇಲಿಟ್ಟು, ಗೋಡೆಗೆ ಬೆನ್ನು ಹಚ್ಚಿ ನಿಂತ. "ನೀವು ನಮ್ಮ ಕಡೆಯವರೇನ್ರಿ? ತಪ್ಪಾತ್ರಿ, ನನ್ನಿಂದ ಭಾಳ ತಪ್ಪಾತು. ಹೋಗೂ ಮುಂದ ಕೀಲಿ ಹಾಕೂದು ರೂಢಿ ಆಗಿಬಿಟ್ಟೈತಿ. ನೀವು ಒಳಗದೀರಿ ಅನ್ನೂದೂ ನೆನಪಾಗಲಿಲ್ಲ. ನಾ ಕಲ್ಲೇಶ, ಅಕಿ ನಮ್ಮವ್ವ ಗದಿಗೆಮ್ಮ. ಅಕಿಗೆ ಮರವು."

ಅವಳು ನಂಬಲಿಲ್ಲ. ಮುದುಕಿಯನ್ನು ಎಳೆದುಕೊಂಡೇ ಹೊರಗೆ ಬಂದು ಎದುರು ಮನೆಯ ಗಂಟೆ ಒತ್ತಿದಳು. ತೆಲುಗಿನ ಹೆಂಗಸೊಬ್ಬರು ಬಾಗಿಲು ತೆರೆದು, ಮುದುಕಿಯನ್ನು ಕಂಡೊಡನೆ "ಅಯ್ಯೋ, ಮಳ್ಳೀ ಬಯಟಕು ವಚ್ಚಿಂದಾ?" ಎಂದರು. ಮತ್ತೆ ಹೊರಗೆ ಬಂದಳೇ ಎಂಬ ಆ ಒಂದು ಮಾತಿನಲ್ಲಿ ಮೃಣಾಲಿನಿಗೆ ಅರ್ಧ ಜೀವ ಬಂತು. ಕಳೆದ ಬೇಸಿಗೆಯಲ್ಲಿ ಹೀಗೆಯೇ ಹೊರಟ ಗದಿಗೆಮ್ಮ ರಾತ್ರಿಯೆಲ್ಲ ಸಿಕ್ಕಿರಲಿಲ್ಲವಂತೆ. ಬೆಳಿಗ್ಗೆ ರೈಲು ಹಳಿಯ ಪಕ್ಕ ಕುಳಿತಿದ್ದಳಂತೆ.

ಪ್ರಾಣೇಶರು ಬಂದಾಗ ಮಗಳು ಇನ್ನೂ ಮೆಟ್ಟಿಲ ಬಳಿ ಚೊಂಬು ಹಿಡಿದೇ ನಿಂತಿದ್ದಳು. ಮೂರು ಮಹಡಿ ಹತ್ತಿ ಬಂದವರು ಏನೂ ಕೇಳದೆ ಅವಳ ತಲೆಯನ್ನು ಎದೆಗೊತ್ತಿಕೊಂಡರು. ಆಗ ಅವಳಿಗೆ ಅಳು ಬಂತು. ಆಮೇಲೆ ಅವರು ಕಲ್ಲೇಶನ ಕಡೆ ತಿರುಗಿದರು.

"ತಾಯೀನ್ನ ಕೂಡಿ ಹಾಕಿದ ಮನಿಗೆ ಇನ್ನೊಬ್ಬರ ಮಗಳನ್ನ ಕರೀಬೇಕಾದ್ರ, ಮೊದಲ ಹೇಳಬೇಕಾಗಿತ್ತಲ್ಲಪಾ?"

"ಹೇಳಬೇಕಾಗಿತ್ರಿ," ಎಂದ ಅವನು. "ಹೇಳಿದ್ರ ಯಾರೂ ಬರಂಗಿಲ್ಲ ಅಂತ ಅಂಜಿದೆ. ಭಾಳ ಮಂದಿ ಬಂದ್ರ ಅವ್ವ ಗಾಬರಿ ಆಗ್ತಾಳ, ಅದಕ್ಕ ಒಬ್ಬರೇ ಬಂದೀರೇನು ಅಂತ ಕೇಳಿದ್ದೆ. ಲ್ಯಾಪ್‌ಟಾಪಿನ ಈ ಫ್ಯಾನಿನ ಸಪ್ಪಳ ಕೇಳಿದ್ರ ಅವ್ವಗ ಹಿಟ್ಟಿನ ಗಿರಣಿ ಅಂತ ಅನಸ್ತೈತಿ. ಅಕಿ ಅಕ್ಕನ ಸೆರಗು ಗಿರಣಿ ಬೆಲ್ಟಿಗೆ ಸಿಕ್ಕು ಜೀವ ಹೋಗಿತ್ತಂತ. ಅದಕ್ಕ ಇದನ್ನ ಲಗೂನ ಮನಿಯಿಂದ ಹೊರಗ ಹಾಕಬೇಕು ಅಂತ ಕಡಿಮಿ ರೇಟ್ ಇಟ್ಟಿದ್ದೆ."

"ನೀ ಇಲ್ಲದಾಗ ಬೆಂಕಿಗಿಂಕಿ ಹತ್ತಿದ್ರ ಏನು ಮಾಡ್ತಿ?" ಎಂದರು ಪ್ರಾಣೇಶರು. ಎದುರು ಮನೆಯ ಹೆಂಗಸು, ಇನ್ನು ಮುಂದೆ ಕೀಲಿ ನಮ್ಮಲ್ಲಿ ಕೊಟ್ಟು ಹೋಗು ಎಂದು ಗದರಿದರು.

ಮನೆಗೆ ಹೋಗೋಣವೇ ಎಂದು ಅಪ್ಪ ಕೇಳಿದಾಗ ಮೃಣಾಲಿನಿ ಬೇಡವೆಂದು ತಲೆ ಅಲ್ಲಾಡಿಸಿದಳು. "ಚಾರ್ಜರ್ ಹಚ್ಚಿ ಒಮ್ಮೆ ನೋಡ್ತೀನಿ. ಆದ್ರ ಒಳಗ ಬರಂಗಿಲ್ಲ."

ಹೀಗಾಗಿ ಲ್ಯಾಪ್‌ಟಾಪನ್ನು ನೆಲಮಹಡಿಗೆ ಒಯ್ದರು. ಕಾವಲುಗಾರನ ಕುರ್ಚಿಯ ಮೇಲಿಟ್ಟು, ಮೀಟರ್ ಬೋರ್ಡಿನ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿದರು. ಪ್ರಾಣೇಶರು ಮೇಲೆಯೇ ಉಳಿದು, ನಿಮ್ಮದು ಯಾವ ಊರು ಎಂದು ಗದಿಗೆಮ್ಮನನ್ನು ಮಾತಿಗೆಳೆದರು. ಈ ಸಲ ಚಿತ್ರ ನೀರಿನಂತೆ ಹರಿಯಿತು, ಎಲ್ಲೂ ತಡವರಿಸಲಿಲ್ಲ. ಫ್ಯಾನು ಮೊರೆಯತೊಡಗಿತು. ತೆರೆ ನೋಡುವುದನ್ನು ಬಿಟ್ಟು ಅವಳು ಮೆಟ್ಟಿಲಿನ ಕಡೆ ಕಿವಿಗೊಟ್ಟಳು. ಮೇಲಿನಿಂದ ಅಪ್ಪನ ದನಿ, ಮುದುಕಿಯ ದನಿ ಮಾತ್ರ ಬರುತ್ತಿದ್ದವು.

"ತಗೋತೀರೇನ್ರಿ?" ಎಂದು ಕಲ್ಲೇಶ ದೂರ ಗೇಟಿಗೆ ಅಡ್ಡಲಾಗಿ ನಿಂತೇ ಕೇಳಿದ.

"ತಗೋತೀನಿ," ಎಂದಳು. "ಗೇಟಿನ ಕಡೆ ಮಾತ್ರ ನಿಂದ್ರಬ್ಯಾಡ್ರಿ. ಇತ್ಲಾಗ ಬರ್ರಿ."

ಅವನು ಗೇಟು ಬಿಟ್ಟು ಸರಿದು ನಿಂತ.