ನಾನು ಸ್ಟಾಕ್ಟನ್ನಿನವಳು

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಬೇಕು. ಆಸ್ಪತ್ರೆಯ ಮಾತು ಆಸ್ಪತ್ರೆಯಲ್ಲೇ ಉಳಿಯಬೇಕೆಂಬುದು ಗೊತ್ತು; ಆದರೂ ರಂಜನಿಯಿಂದ ಕೇಳಿದ್ದನ್ನು ನುಂಗಿಕೊಂಡು ಕೂರಲು ಆಗಲಿಲ್ಲ.

ಮೈಸೂರಿನ ರಂಜನಿ ಅಮೆರಿಕದ ಬರ್ಕ್ಲಿಯಲ್ಲಿ ಸಂಜೆ ತರಗತಿಗೆ ಹೋಗಿ ದುಭಾಷಿಯಾದವಳು. ಮನೆಯಲ್ಲೇ ಕೂತು, ಆಸ್ಪತ್ರೆಗಳ ಫೋನ್ ಕರೆಗಳಲ್ಲಿ ನರ್ಸಿನ ಮಾತನ್ನು ರೋಗಿಗೂ ರೋಗಿಯ ಮಾತನ್ನು ನರ್ಸಿಗೂ ದಾಟಿಸುವುದು ಅವಳ ಕೆಲಸ. ಕಂಪನಿಯ ನಿಯಮಗಳು ಬಾಯಿಪಾಠ. ಆಡಿದ ಮಾತನ್ನಷ್ಟೇ ದಾಟಿಸಬೇಕು. ನರ್ಸು 'ನಾನು' ಎಂದರೆ ಇವಳೂ 'ನಾನು' ಎನ್ನಬೇಕು. ತನ್ನದೆಂದು ಏನೂ ಸೇರಿಸಬಾರದು. ನರ್ಸು ಕರೆ ಬಿಟ್ಟ ಮೇಲೆ ರೋಗಿಯೊಡನೆ ಒಬ್ಬಳೇ ಉಳಿಯಬಾರದು.

ಆ ದಿನ ಫ್ರೀಮಾಂಟಿನ ಮನೆಯಲ್ಲಿ ಗುರುಬಸವ್ವ ಒಬ್ಬರೇ ಇದ್ದರು. ಹೊಟ್ಟೆನೋವು. ಮಗ ಕಿರಣಕುಮಾರ ಆಫೀಸಿನಿಂದಲೇ ಆಸ್ಪತ್ರೆಗೆ ಹೇಳಿ, ನರ್ಸಿನಿಂದ ಅವ್ವನಿಗೆ ಫೋನು ಮಾಡಿಸಿದ್ದ. ಎಮರ್ಜೆನ್ಸಿಗೆ ಬರಬೇಕೋ ಬೇಡವೋ ಎಂದು ನರ್ಸು ತೀರ್ಮಾನಿಸಬೇಕಿತ್ತು.

ರಂಜನಿಯ ಕನ್ನಡ ಕೇಳಿದ್ದೇ ಗುರುಬಸವ್ವನ ದನಿ ಅರಳಿತು. "ಅಯ್ಯ, ಕನ್ನಡದಾಕಿ! ಯಾವೂರವ್ವ ನಿಂದು?"

ರಂಜನಿ ಅದನ್ನೂ ನರ್ಸಿಗೆ ದಾಟಿಸಿದಳು. ನರ್ಸು ನಕ್ಕು ತನ್ನ ಊರು ಹೇಳಿದಳು. ರಂಜನಿ ನಿಯಮದಂತೆ ಅದನ್ನೇ ದಾಟಿಸಿದಳು.

"ನಾನು ಸ್ಟಾಕ್ಟನ್ನಿನವಳು."

"ಸ್ಟಾಕ್ಟನ್ನಾ? ಇಲ್ಲೇ ಹುಟ್ಟಿ ಬೆಳದವರೇನ್ರಿ?" ದನಿ ಬಾಗಿಲು ಮುಂದೆ ಮಾಡಿಕೊಂಡಿತು. "ಇರ್ಲಿ ಬಿಡ್ರಿ. ಕನ್ನಡ ಚಲೋ ಕಲ್ತೀರಿ."

"ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟಿದೆ ಅಂತ ಹೇಳ್ತೀರಾ?"

ಆ ಕಡೆ ಹಲ್ಲು ಕಚ್ಚಿ ಉಸಿರೆಳೆದ ಸದ್ದು. ಆಮೇಲೆ, "ಎರಡು ಅಂತ ಬರಕೋರಿ."

"ಎರಡು" ಎಂದಳು ರಂಜನಿ ಇಂಗ್ಲಿಷಿನಲ್ಲಿ. ಉಸಿರಿನ ಸದ್ದು ಮಾತಲ್ಲವಲ್ಲ, ಅದನ್ನು ದಾಟಿಸುವುದು ಹೇಗೆ? ಅದು ಎರಡರ ಉಸಿರಲ್ಲ ಎಂದುಬಿಡಲೇ? ಹೇಳಲು ತಾನೇನು ಡಾಕ್ಟರೇ?

ನಾಲ್ಕಕ್ಕಿಂತ ಕಡಿಮೆಯಾದರೆ ಮನೆಯಲ್ಲೇ ಇರಲಿ ಎಂಬುದು ನರ್ಸಿನ ನಿಯಮ. ಚೂರುಚೂರೇ ನೀರು ಕುಡಿಯಿರಿ, ಹೆಚ್ಚಾದರೆ ಫೋನು ಮಾಡಿ ಎಂದು ಆಕೆ ಕರೆ ಬಿಟ್ಟಳು.

"ಆ ಇಂಗ್ಲಿಷಿನಾಕಿ ಹೋದ್ಲೇನ?" ಗುರುಬಸವ್ವ ಪಿಸುಗುಟ್ಟಿದರು. "ತಂಗಿ, ನೀ ಇನ್ನೂ ಅದೀಯೇನವ್ವ? ಖರೇ ಹೇಳಬೇಕಂದ್ರ…"

ಅಷ್ಟರಲ್ಲಿ ರಂಜನಿಯ ಬೆರಳು ಕರೆ ಮುಗಿಸುವ ಗುಂಡಿ ಒತ್ತಿಯಾಗಿತ್ತು.

ಆ ಕರೆಗೆ ಕಂಪನಿ ಪೂರ್ಣ ಅಂಕ ಕೊಟ್ಟಿತು. ನರ್ಸು ಹೋದ ಮೇಲೆ ಎಷ್ಟು ಬೇಗ ಗುಂಡಿ ಒತ್ತಬೇಕೆಂದು ತೋರಿಸಲು ಹೊಸಬರಿಗೆ ಈಗ ಅದನ್ನೇ ಕೇಳಿಸುತ್ತಾರಂತೆ.

ಗುರುಬಸವ್ವ ಏನು ಹೇಳಲಿದ್ದರು, ಆಮೇಲೆ ಅವರಿಗೇನಾಯಿತು, ಗೊತ್ತಿಲ್ಲ. ರಂಜನಿಗೂ ಗೊತ್ತಿಲ್ಲ. ಕೇಳೋಣವೆಂದರೆ ಅವಳ ಬಳಿ ಅವರ ನಂಬರೂ ಇಲ್ಲ.