ಮೂರನೇ ಮೇಜಿಗೆ ಬಂದ ದೂರು

ಮಕ್ಕಳ ಸಹಾಯವಾಣಿಯಲ್ಲಿ ಫೋನ್ ಎತ್ತುವವರಿಗೆ ಎರಡು ಕಟ್ಟಪ್ಪಣೆಗಳಿದ್ದವು: ಮಗು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಬೇಕು, ಮಗುವಿಗಿಂತ ಮೊದಲು ಫೋನ್ ಇಡಬಾರದು. ಮೂರನೇ ಮೇಜಿನವಳು ಆರು ವರ್ಷಗಳಿಂದ ಎರಡನ್ನೂ ಚಾಚೂ ತಪ್ಪದೆ ಪಾಲಿಸಿದ್ದಳು. ಅವಳಿಗೊಂದು ಆಫೀಸಿನ ದನಿ ಇತ್ತು, ಜೇನು ಸವರಿದಂಥದ್ದು. ಮನೆಯವರು ಅದನ್ನು ಕೇಳಿದ್ದು ಕಡಿಮೆ.

ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಬಂತು.

"ಹೇಳು ಪುಟ್ಟಾ, ನಿನ್ನ ಮಾತು ಕೇಳೋಕೇ ಕೂತಿದೀನಿ."

"ನಮಸ್ಕಾರ ಮೇಡಂ. ಒಂದು ದೂರು ಕೊಡಬೇಕಿತ್ತು."

ಪೆನ್ನು ನಿಂತಿತು. ದನಿ ಅವಳ ಮಗಳದು. ಆ ದನಿಯ ಹಿಂದೆ ಅಳುತ್ತಿದ್ದ ಕೂಸೂ ತನ್ನದೇ.

"ಏನಾಯ್ತೇ? ಪಾಪು ಬಿತ್ತಾ?" ಜೇನೆಲ್ಲ ಸೋರಿಹೋಗಿತ್ತು.

"ಮೊದಲು ವಯಸ್ಸು ಕೇಳಬೇಕಲ್ವಾ ಮೇಡಂ?"

ಪಕ್ಕದ ಮೇಜಿನವಳು ತಲೆಯೆತ್ತಿದಳು. ಮಾತೆಲ್ಲ ರೆಕಾರ್ಡ್ ಆಗುತ್ತಿದೆ ಎಂದು ಕೆಂಪು ದೀಪ ಹೇಳುತ್ತಿತ್ತು. ಹೆತ್ತವಳು ಮಗಳ ವಯಸ್ಸು ಕೇಳಿದಳು.

"ಹನ್ನೊಂದು. ಇಪ್ಪತ್ತು ದಿನದಿಂದ ಸ್ಕೂಲಿಗೆ ಹೋಗಿಲ್ಲ. ಅಜ್ಜಿ ಚಿಕ್ಕಪ್ಪನ ಮನೆಗೆ ಹೋದ್ರು, ಪಾಪು ನನ್ನ ಸೊಂಟಕ್ಕೆ ಬಂತು. ನಾಳೆನೂ ಬರದಿದ್ರೆ ಪರೀಕ್ಷೆಗೆ ಕೂರಿಸಲ್ಲ ಅಂತ ಟೀಚರ್ ಹೇಳಿ ಕಳಿಸಿದಾರೆ."

"ಮನೇಲಿ ಹೇಳ್ಬೇಕಿತ್ತು..."

"ಮೂರು ಸಲ ಹೇಳ್ದೆ. ಇನ್ನೆರಡು ದಿನ ತಡಿ ಅಂತಾರೆ ಅಮ್ಮ. ಅವರ ಎರಡು ದಿನ ಮುಗಿಯೋದೇ ಇಲ್ಲ. ಅಪ್ಪಂದು ರಾತ್ರಿ ಕಾವಲು ಕೆಲಸ, ಹಗಲು ಮಲಗ್ತಾರೆ. ಎಬ್ಬಿಸಿದ್ರೆ ಚರ್ಮ ಸುಲೀತೀನಿ ಅಂದಿದಾರೆ ಅಮ್ಮ. ಅದನ್ನೂ ಬರ್ಕೊಳಿ."

ಬರೆದುಕೊಂಡಳು. ಮುಂದಿನ ಅಂಕಣ, ದೂರಿಗೆ ಗುರಿಯಾದವರ ಉದ್ಯೋಗ. ಬಾಯಿತಪ್ಪಿ ಕೇಳಿಯೇಬಿಟ್ಟಳು.

"ಮಕ್ಕಳ ಹಕ್ಕು ಕಾಪಾಡೋದು," ಎಂದಿತು ಫೋನು. "ಈಗ ನಂಬರ್ ಕೊಡಿ. ನಂಬರ್ ಕೊಟ್ಮೇಲೆ ದೂರನ್ನ ಯಾರೂ ಹರಿಯೋ ಹಾಗಿಲ್ಲ ಅಂತ ನಮ್ಮಮ್ಮ ಊಟ ಮಾಡುವಾಗ ಹೇಳ್ತಿರ್ತಾರೆ."

ಕೊಟ್ಟಳು. ಮಗಳು ಫೋನ್ ಇಟ್ಟ ಮೇಲೂ ಇವಳು ಹಿಡಿದುಕೊಂಡೇ ಇದ್ದಳು.

ಮೇಲ್ವಿಚಾರಕರು ಹಾಳೆಯನ್ನು ಎರಡು ಸಲ ಓದಿದರು. ಕನ್ನಡಕ ಒರೆಸಿಕೊಂಡು ಮೂರನೇ ಸಲ ಓದಿದರು.

"ಇದೇನಮ್ಮಾ, ದೂರಾ, ನಿಮ್ಮ ರಜಾ ಅರ್ಜೀನಾ?"

"ನಂಗೂ ಗೊತ್ತಾಗ್ತಿಲ್ಲ ಸಾರ್. ಬೇರೆ ಯಾರನ್ನಾದ್ರೂ ಕಳಿಸಿ."

"ಕರೆ ತಗೊಂಡೋರೇ ಅದೇ ದಿನ ಮನೆಗೆ ಹೋಗಿ ವಿಚಾರಿಸ್ಬೇಕು. ನಿಯಮ ನಾನು ಮಾಡಿದ್ದಲ್ಲ. ಹೋಗಿ, ನಿಮ್ಮನ್ನ ವಿಚಾರಿಸ್ಕೊಂಡು ಬನ್ನಿ."

ಮನೆಯ ಬೀಗದ ಕೈ ಚೀಲದಲ್ಲೇ ಇತ್ತು. ಆದರೂ ಏಕೋ ಬಾಗಿಲು ತಟ್ಟಿದಳು. ಸರಪಳಿ ಬಿಟ್ಟಷ್ಟು ಬಾಗಿಲು ತೆರೆಯಿತು.

"ಗುರುತಿನ ಚೀಟಿ?"

ತೋರಿಸಿದಳು. ಮಗಳು ಚಿತ್ರವನ್ನೂ ಮುಖವನ್ನೂ ತಾಳೆ ನೋಡಿದಳು. ಅವಳ ಸೊಂಟದ ಮೇಲಿದ್ದ ಕೂಸು ಅಮ್ಮನನ್ನು ಕಂಡು ಕೈಚಾಚಿತು. ಅದಕ್ಕೆ ಚೀಟಿ ಬೇಕಿರಲಿಲ್ಲ.

"ತಾಯಿ ಮನೇಲಿದಾರಾ?" ಆರು ವರ್ಷದ ಅಭ್ಯಾಸ; ಮಾತು ತಾನಾಗಿ ಬಂತು.

"ಇಲ್ಲ. ಆಫೀಸಿಗೆ ಹೋಗಿದಾರೆ."

ಬೈಯಬೇಕೋ, ನಗಬೇಕೋ, ಹಾಳೆಗೆ ಸಹಿ ಹಾಕಿಸಿಕೊಳ್ಳಬೇಕೋ ತಿಳಿಯಲಿಲ್ಲ. ಬಾಗಿಲ ಸಂದಿಯಲ್ಲಿ ಮೊಳೆಗೆ ತೂಗುಹಾಕಿದ್ದ ಶಾಲೆಯ ಚೀಲ ಕಂಡಿತು. ಪುಸ್ತಕ ತುಂಬಿ, ಬಕಲು ಹಾಕಿ ಸಿದ್ಧವಾಗಿತ್ತು. ಇಪ್ಪತ್ತು ದಿನವೂ ಅದು ಅಲ್ಲೇ ಇತ್ತು. ಅದರ ಪಕ್ಕದಲ್ಲೇ ಅವಳು ದಿನಾ ಚಪ್ಪಲಿ ಮೆಟ್ಟಿದ್ದಳು.

"ನಾಳೆ ಸ್ಕೂಲಿಗೆ ಹೋಗು."

"ಹೇಳ್ತಿರೋದು ಮೇಡಮ್ಮಾ, ಅಮ್ಮನಾ?"

"ಮೊದಲು ಸರಪಳಿ ತೆಗಿ," ಎಂದಳು.

ಮರುದಿನ ಮಗಳು ಶಾಲೆಗೆ ಹೋದಳು. ಕೂಸು ಮೂರನೇ ಮೇಜಿಗೆ ಬಂತು.

"ಆಫೀಸಿಗೆ ಮಕ್ಕಳನ್ನ ತರೋ ಹಾಗಿಲ್ಲಮ್ಮಾ," ಎಂದರು ಮೇಲ್ವಿಚಾರಕರು. ಅವರ ತಲೆಯ ಹಿಂದೆ ಗೋಡೆಯ ಭಿತ್ತಿಚಿತ್ರದಲ್ಲಿ ಹತ್ತು ಮಕ್ಕಳು ಕೈ ಹಿಡಿದು ನಗುತ್ತಿದ್ದರು.

"ದೂರು ಕೊಡ್ತೀರಾ ಸಾರ್? ಬರ್ಕೋತೀನಿ."

ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಒಳಗೆ ಹೋದರು. ನಿನ್ನೆಯ ದೂರಿನ ಹಾಳೆಯಲ್ಲಿ 'ಕೈಗೊಂಡ ಕ್ರಮ' ಎಂಬ ಅಂಕಣ ಇನ್ನೂ ಖಾಲಿ ಇತ್ತು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಬೆಚ್ಚಿದ ಕೂಸು ಕಿರುಚಿಕೊಂಡಿತು.

"ಹೇಳು ಪುಟ್ಟಾ..."

ಆ ಕಡೆ ಯಾವುದೋ ಹುಡುಗನ ದನಿ. "ನಂದು ಆಮೇಲೆ ಹೇಳ್ತೀನಿ ಮೇಡಂ. ಅಲ್ಲೊಂದು ಮಗು ಅಳ್ತಿದೆಯಲ್ಲ, ಅದನ್ನ ಮೊದಲು ನೋಡಿ."

ಮಗು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಬೇಕು. ಅವಳು ಬರೆದುಕೊಂಡಳು.