ಫೋಟೋ ತೆಗೆದವನು

ಕಾಲ ಕೆಳಗೆ ಕಬ್ಬಿಣ ನಡುಗಿತು, ಮೆಟ್ರೋ ರೈಲು ಬೆನ್ನ ಹಿಂದೆಯೇ ಸರಿದುಹೋಯಿತು, ಫೆಲಿಸ್ಬೇಲಾ ಸೇತುವೆಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಬಹಳ ಕೆಳಗೆ ದೋರು ನದಿ, ಕಂದು ನೀರು, ಪುಟ್ಟ ಪುಟ್ಟ ದೋಣಿ — ಅಲ್ಲ, ಇಲ್ಲಲ್ಲ, ಫೋಟೋದಲ್ಲಿ ಅವನ ಎಡಭುಜದ ಹಿಂದೆ ಮಠದ ಗುಂಡು ಗುಮ್ಮಟ ಕಾಣುತ್ತದೆ, ಹಾಗಾದರೆ ಇನ್ನೂ ಹತ್ತು ಹೆಜ್ಜೆ ಆಚೆ, ಎಪ್ಪತ್ತೊಂದು ವರ್ಷದ ಮಂಡಿ ಹತ್ತು ಹೆಜ್ಜೆಗೂ ಗೊಣಗುತ್ತದೆ, ಹಾಂ, ಇಲ್ಲೇ, ಇಲ್ಲೇ ನಿಂತಿದ್ದ ಅದೆರಿತೊ, ಅವಳ ಒಬ್ಬನೇ ತಮ್ಮ, ಟ್ರಾಮ್ ಓಡಿಸುವವರ ನೀಲಿ ಕೋಟು ಹಾಕಿಕೊಂಡು, ಫೋಟೋದ ಹಿಂದೆ ಬರೆದಿದ್ದ, ಅಕ್ಕಾ ಒಂದ್ಸಲ ಬಾ, ಪೋರ್ತೊ ಎಲ್ಲಾ ತೋರಿಸ್ತೀನಿ, ಪ್ರತಿ ಕ್ರಿಸ್‌ಮಸ್‌ಗೂ ಒಂದು ಫೋಟೋ, ಪ್ರತಿ ಫೋಟೋದ ಹಿಂದೆಯೂ ಅದೇ ಸಾಲು, ಇಪ್ಪತ್ತಾರು ವರ್ಷ, ಅವಳು ಬರಲಿಲ್ಲ, ಅಮ್ಮನ ಕಾಲಿಗೆ ಬಾವು ಅಂದಳು, ಹಂದಿ ಕೊಯ್ಯುವ ತಿಂಗಳು ಅಂದಳು, ಚೆಸ್ಟ್‌ನಟ್ ಆರಿಸುವ ತಿಂಗಳು ಅಂದಳು, ಗುಡ್ಡದ ಮೇಲಿನ ತಮ್ಮ ಊರು ವಿನ್ಯಾಯಿಸ್‌ನಲ್ಲಿ ಕೆಲಸಕ್ಕೇನು ಬರ, ಈಗ ಬಂದಿದ್ದಾಳೆ, ಅವನು ಸತ್ತು ಎಂಟು ತಿಂಗಳಾದ ಮೇಲೆ, ಕೈಚೀಲದಲ್ಲಿ ಇಪ್ಪತ್ತಾರು ಫೋಟೋ ಇಟ್ಟುಕೊಂಡು, ಒಬ್ಬಳೇ, ಮೂರು ದಿನಕ್ಕೆ. ಕೆಂಪು ಸ್ಕಾರ್ಫಿನ ಹೆಂಗಸೊಬ್ಬಳು ನಿಂತಳು, ಒಬ್ಬರೇನಾ ಅಮ್ಮಾ, ಕೊಡಿ ನಿಮ್ಮ ಫೋನು, ನಿಮ್ದೊಂದು ಫೋಟೋ ತೆಗೀತೀನಿ, ಹೀಗೆ ನಿಂತ್ಕೊಳ್ಳಿ, ಸ್ವಲ್ಪ ನಗ್ರಿ, ಅಯ್ಯೋ ಎಷ್ಟು ಬಿಗೀತೀರಿ, ನಿಮ್ಮವರು ಯಾರೋ ಎದುರಿಗಿದ್ದಾರೆ ಅಂದ್ಕೊಂಡು ನಗ್ರಿ — ನಗು ಬರಲಿಲ್ಲ, ಗುರುತಿಲ್ಲದವಳ ಮುಖ ನೋಡಿ ಹೇಗೆ ನಗುವುದು, ಆದರೆ ಅವನು ನಕ್ಕಿದ್ದಾನೆ, ಇಪ್ಪತ್ತಾರರಲ್ಲೂ, ಕೆಳತುಟಿ ಕಚ್ಚಿ, ಕಣ್ಣು ಸಣ್ಣ ಮಾಡಿ, ಚಿಕ್ಕವನಿದ್ದಾಗ ಅವಳು ಲಂಗದೊಳಗೆ ಚೆರಿ ಹಣ್ಣು ಕದ್ದು ತಂದರೆ ನಗುತ್ತಿದ್ದನಲ್ಲ, ಆ ನಗು, ಅದು ಕ್ಯಾಮೆರಾಕ್ಕೆ ನಗುವ ನಗುವಲ್ಲ. ಫೋಟೋವನ್ನು ಒಳಗೆ ಹಾಕಿ ಚೀಲದ ಗುಂಡಿ ಒತ್ತಿದಳು.

ಅದು ಮೊನ್ನೆ, ನಿನ್ನೆ ಟ್ರಾಮಿನಲ್ಲಿ ನದಿಯ ಕೊನೆಯವರೆಗೆ ಹೋದಳು, ಅವನು ಓಡಿಸುತ್ತಿದ್ದ ದಾರಿ ಅದೇ, ಮರದ ಸೀಟು, ಹಿತ್ತಾಳೆ ಹಿಡಿಕೆ, ಅವನ ಕೈ ಸವೆಸಿದ ಹಿತ್ತಾಳೆ ಇದೇ ಇರಬಹುದೇ, ನದಿ ಕಡಲಿಗೆ ಬೀಳುವಲ್ಲಿ ದೀಪಸ್ತಂಭ, ಗಾಳಿಗೆ ನೀರು ಹಾರಿ ಮೆಟ್ಟಿಲೆಲ್ಲ ಒದ್ದೆ, ಆ ಫೋಟೋದಲ್ಲಿ ಬಿಸಿಲು ಇಳಿದಿದೆ, ಕಲ್ಲುಹಾಸಿನ ಮೇಲೆ ಉದ್ದಕ್ಕೆ ಒಂದು ನೆರಳು ಮಲಗಿದೆ, ಹ್ಯಾಟು ಹಾಕಿದ ಗಂಡಸಿನ ನೆರಳು, ಮೊಣಕೈ ಎತ್ತಿದೆ, ನೆರಳಿನ ತಲೆ ಸರಿಯಾಗಿ ಅದೆರಿತೊನ ಬೂಟಿನ ಹತ್ತಿರ ಬಂದು ನಿಂತಿದೆ, ಎಷ್ಟು ಸಲ ನೋಡಿಲ್ಲ ಅದನ್ನು, ಯಾರೋ ದಾರಿಹೋಕ ತೆಗೆದಿರಬೇಕು ಅಂದುಕೊಂಡು ಕನ್ನಡಿ ಬೀರುವಿನಲ್ಲಿ ಇಟ್ಟಿದ್ದಳು, ದಾರಿಹೋಕ, ಪ್ರತಿ ವರ್ಷವೂ ಅದೇ ದಾರಿಹೋಕನೇ.

ಇವತ್ತು ಕೊನೆಯ ದಿನ, ಕೊನೆಯ ಫೋಟೋ, ಇಳಿಜಾರು ಬೀದಿಯ ಕಾಫಿ ಅಂಗಡಿ, ಹಸಿರು ಹೆಂಚಿನ ಗೋಡೆ, ಅದೇ ಮೇಜು, ಯಜಮಾನಿ ಎರ್ಮೆಲಿಂದಾ ತಟ್ಟೆ ಇಡಲು ಬಂದವಳು ಫೋಟೋ ನೋಡಿ ತಟ್ಟೆ ಕೈಯಲ್ಲೇ ಹಿಡಿದು ನಿಂತಳು, ಅಯ್ಯೋ, ಇದು ನಮ್ಮ ಅದೆರಿತೊ ಅಲ್ವೇನ್ರೀ, ಗುರುವಾರ ಗುರುವಾರ ತಪ್ಪದೆ ಬರೋರು, ಇವ್ರೂ ಫೌಸ್ತೂನೂ, ಗಡಿಯಾರ ರಿಪೇರಿ ಫೌಸ್ತು, ಈ ಏರು ಹತ್ತಿದ್ರೆ ಮೂರನೇ ಬಾಗ್ಲು, ಒಂದೇ ಟೋಸ್ಟ್ ಹೇಳೋರು, ಅಂಚು ಇವ್ರಿಗೆ, ಮೆತ್ತಗಿರೋದು ಅವ್ರಿಗೆ, ಅದಕ್ಕೂ ಜಗಳ, ಗಂಡ ಹೆಂಡ್ತಿ ಇದ್ದ ಹಾಗೆ ನೋಡಿ, ಫೋಟೋ ಹುಚ್ಚು ಬೇರೆ ಆ ಫೌಸ್ತುಗೆ, ಅಲ್ಲಾಡ್ಬೇಡ ಅದೆರಿತೊ, ಅಲ್ಲಾಡ್ಬೇಡ ಅಂತ, ಅಷ್ಟರಲ್ಲಿ ನನ್ನ ಕಾಫಿ ಆರಿ ನೀರು, ಪಾಪ, ಫೆಬ್ರವರೀಲಿ ಅದೆರಿತೊ ಊರಿಗೆ ಮಣ್ಣಿಗೆ ಹೋಗಿದ್ರು ಫೌಸ್ತು, ಬೆಳಗಿನ ಬಸ್ಸಿಗೆ ಹೋದವರು ಸಂಜೆ ಬಸ್ಸಿಗೇ ಬಂದ್ಬಿಟ್ರು, ಅಷ್ಟು ದೂರ ಹೋಗಿದ್ದೀರಿ, ಊಟಗೀಟ ಹಾಕಿದ್ರಾ ಅಂದೆ, ಹಾಕಿದ್ರು, ಅವರಕ್ಕ ತುಂಬಾ ಚೆನ್ನಾಗಿ ನೋಡ್ಕೊಂಡ್ರು ಅಂದ್ರು. ಆಮೇಲೆ ತಟ್ಟೆ ಇಟ್ಟು ಕೇಳಿದಳು, ನೀವು ಯಾರಮ್ಮಾ ಅವ್ರಿಗೆ. ಪರಿಚಯ ಅಂದಳು ಫೆಲಿಸ್ಬೇಲಾ, ಪರಿಚಯ ಅಷ್ಟೆ — ಅವನೂ ಅದನ್ನೇ ಅಂದಿದ್ದ, ಸಾವಿನ ಸುದ್ದಿ ತಿಳಿಸಲು ಫೋನ್ ಮಾಡಿದವನು, ನೀವ್ಯಾರು ಅಂತ ಕೇಳಿದ್ದಕ್ಕೆ ಪರಿಚಯ ಅಂದಿದ್ದ. ಊಟ ಹಾಕಿದ್ರು ಅಂದನಂತೆ, ಚೆನ್ನಾಗಿ ನೋಡ್ಕೊಂಡ್ರು ಅಂದನಂತೆ, ಎಲ್ಲಿ ಹಾಕಿದಳು, ಯಾವ ಊಟ, ಚರ್ಚಿನಲ್ಲಿ ಎರಡನೇ ಸಾಲು ಮನೆಯವರದು, ಅಲ್ಲಿ ಬೆಂಚಿನ ತುದಿಗೆ ಬಂದು ಕೂತಿದ್ದ, ಪಕ್ಕದಲ್ಲಿ ಹ್ಯಾಟು ಇಟ್ಟುಕೊಂಡು, ಶವಪೆಟ್ಟಿಗೆಯನ್ನೇ ನೋಡುತ್ತಿದ್ದ, ಹಿಂದಿನಿಂದ ಯಾರೋ ಯಾರೇ ಅದು ಅಂತ ಪಿಸುಗುಟ್ಟಿದರು, ಫೆಲಿಸ್ಬೇಲಾ ಎದ್ದಳು, ಇಲ್ಲಿ ಮನೆಯವರು ಮಾತ್ರ ಅಂದಳು, ಎಲ್ಲರಿಗೂ ಕೇಳುವ ಹಾಗೆ, ಅವನಿಗೆ ಅರ್ಥವಾಗಲಿಲ್ಲವೇನೋ, ಏಳಲಿಲ್ಲ, ಆಗ ಅವಳೇ ಬಗ್ಗಿ ಬೆಂಚಿನ ಮೇಲಿದ್ದ ಹ್ಯಾಟನ್ನು ತೆಗೆದು ಅವನ ಮುಂದೆ ಹಿಡಿದಳು. ಗೊತ್ತಿರಲಿಲ್ಲ, ಯಾರೋ ಅಂದುಕೊಂಡೆ — ಹಾಗಂತ ಹೇಳಿಕೊಳ್ಳಲೇ ಅಲ್ಲವೇ ಮೂರು ದಿನದಿಂದ ಈ ಊರಿನ ಸೇತುವೆ ದೀಪಸ್ತಂಭ ಎಲ್ಲ ಸುತ್ತಿದ್ದು, ಗೊತ್ತಿತ್ತು, ಅವನು ಬೆಂಚಿನಲ್ಲಿ ಕೂತ ಬಗೆ ನೋಡಿಯೇ ಗೊತ್ತಾಗಿತ್ತು, ಗೊತ್ತಾದ್ದಕ್ಕೇ ಎದ್ದದ್ದು.

ಏರು ಹತ್ತಿದಳು, ಮೊದಲ ಬಾಗಿಲು, ಎರಡನೆಯದು, ಮೂರನೆಯದರ ಗಾಜಿನ ಹಿಂದೆ ಬೋಳುತಲೆಯ ಮುದುಕ, ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡವನು ತಲೆ ಎತ್ತಿದ, ಗಾಜು ತೆಗೆದ, ನಿಧಾನವಾಗಿ ಎದ್ದು ನಿಂತ, ಇದ್ದ ಒಂದೇ ಕುರ್ಚಿಯನ್ನು ಈಚೆ ತಂದು ಅಂಗಿಯ ತೋಳಲ್ಲಿ ಒರೆಸಿದ, ಕೂತ್ಕೊಳ್ಳಿ ದೋನಾ ಫೆಲಿಸ್ಬೇಲಾ. ಹೇಳಬೇಕು, ಈಗಲೇ ಹೇಳಬೇಕು, ಒಂದು ಮಾತು, ಏರಿನುದ್ದಕ್ಕೂ ಬಾಯಲ್ಲಿಟ್ಟುಕೊಂಡು ಬಂದದ್ದು, ಅವಳ ಕೈ ತಾನೇ ಮಣಿಕಟ್ಟಿನ ಗಡಿಯಾರ ಬಿಚ್ಚಿತು, ಇದು ನಿಂತುಹೋಗಿದೆ ಅಂದಳು. ಅವನು ಕಿವಿಗೆ ಹಿಡಿದ. ನಡೀತಿದೆಯಲ್ಲಮ್ಮಾ. ಹೌದಾ. ಇರ್ಲಿ ಬಿಡಿ, ಸ್ವಲ್ಪ ಒರೆಸ್ಕೊಡ್ತೀನಿ. ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ, ತಲೆ ಎತ್ತದೆ ಕೇಳಿದ, ಅವನ ಗಡಿಯಾರ ನಿಮ್ಮ ಹತ್ರಾನೇ ಇದೆಯಾ, ಹಳೇ ಕಾಲದ್ದು, ದಿನಾ ಬೆಳಿಗ್ಗೆ ಕೀಲಿ ಕೊಡ್ಬೇಕು, ಅವನಿಗೆ ಮರ್ತೇ ಹೋಗೋದು, ನಾನೇ ಕೊಡ್ತಿದ್ದೆ. ಕೊಡ್ತಿದ್ದೀನಿ ಅಂದಳು ಫೆಲಿಸ್ಬೇಲಾ, ದಿನಾ ಕೊಡ್ತಿದ್ದೀನಿ — ಫೆಬ್ರವರಿಯಿಂದ ಅದು ಡ್ರಾಯರಿನಲ್ಲಿ ಮೇಜುಬಟ್ಟೆಗಳ ಅಡಿ ಬಿದ್ದಿದೆ, ನಾಲ್ಕೂಕಾಲು ಗಂಟೆಗೆ ನಿಂತಿದೆ — ಓ, ಹಾಗಾದ್ರೆ ನಡೀತಿದೆ ಅಂದ ಫೌಸ್ತು, ಮುಖ ಅಷ್ಟಗಲ ಆಯಿತು, ನಡೀತಿದೆ, ಒಳ್ಳೇದಾಯ್ತಮ್ಮಾ, ನನಗೆ ಅದೊಂದೇ ಯೋಚ್ನೆ ಇತ್ತು. ಗಡಿಯಾರವನ್ನು ತಾನೇ ಅವಳ ಕೈಗೆ ಕಟ್ಟಿದ, ಬಾಗಿಲವರೆಗೆ ಬಂದ, ಮೊಣಕೈ ಹಿಡಿದು ಮೆಟ್ಟಿಲು ಇಳಿಸಿದ, ಜಾರುತ್ತೆ, ನೋಡ್ಕೊಂಡು ಹೋಗಿ.

ಈಗ ಇಳಿಜಾರು, ಕಾಲು ತಾವಾಗಿಯೇ ಇಳಿಯುತ್ತಿವೆ, ಯಾರದೋ ಅಡುಗೆಮನೆಯಲ್ಲಿ ಸಾರ್ಡೀನ್ ಮೀನು ಸುಡುವ ವಾಸನೆ, ತಂತಿಯ ಮೇಲೆ ಒಣಗಿದ ಹಾಸಿಗೆ ಬಟ್ಟೆ, ಹಿಂದಕ್ಕೆ ಹೋಗಬೇಕು, ಬಸ್ಸಿಗೆ ಇನ್ನೂ ಹೊತ್ತಿದೆ, ಹಿಂದಕ್ಕೆ ಹೋಗಿ ಹೇಳಬೇಕು, ಬಾಗಿಲಲ್ಲಿ ಇನ್ನೂ ನಿಂತಿರುತ್ತಾನೆ, ಹೇಳಿದರೆ ಕೇಳುತ್ತಾನೆ, ಹೇಳದಿದ್ದರೂ ಅವರಕ್ಕ ಚೆನ್ನಾಗಿ ನೋಡ್ಕೊಂಡ್ರು ಅಂತಲೇ ಅನ್ನುತ್ತಾನೆ, ಊರಿಗೆ ಹೋದ ಕೂಡಲೇ ಡ್ರಾಯರು ತೆಗೆದು ಕೀಲಿ, ಇವತ್ತಿಂದ ದಿನಾ, ಸುಳ್ಳಾಗದ ಹಾಗೆ — ಬಗ್ಗಿದಳು, ಹ್ಯಾಟು ತೆಗೆದಳು — ಬಲಕ್ಕೆ ತಿರುಗಿದರೆ ನದಿ, ಎಡಕ್ಕೆ ಬಸ್ಸಿನ ನಿಲ್ದಾಣ, ಎಡಕ್ಕೋ ಬಲಕ್ಕೋ, ಎರಡನೇ ಸಾಲು, ಕೈ ಚಾಚಿದೆ, ತನ್ನದೇ ಕೈ, ಬೂದು ಹ್ಯಾಟು, ಹಣೆ ತಾಗುವ ಪಟ್ಟಿಗೆ ಅವಳ ಬೆರಳು ತಾಗಿದೆ, ಹೊರಗೆ ಹಿಮ, ಚರ್ಚೆಲ್ಲ ಕಲ್ಲಿನ ಹಾಗೆ ತಣ್ಣಗೆ, ಹ್ಯಾಟಿನೊಳಗೆ ಮಾತ್ರ ಅವನ ತಲೆಯ ಬಿಸಿ, ಇನ್ನೂ ಆರಿಲ್ಲ, ಬೆರಳಿಗೆ ಹತ್ತುತ್ತಿದೆ, ಅವನು ತೆಗೆದುಕೊಳ್ಳುತ್ತಿಲ್ಲ, ಅವಳು ಹಿಡಿದೇ ನಿಂತಿದ್ದಾಳೆ, ಬೂದು ಹ್ಯಾಟು, ಒಳಗೆ ಬಿಸಿ